ದವಡೆಗೆ ಯಾವ ಲೋಹ

ನನ್ನ ಬಾಯಿ ಕಿರುಬೆರಳೂ ನುಗ್ಗದಷ್ಟು ಮಾತ್ರ ತೆರೆಯುತ್ತದೆ. ಚಿಕ್ಕಂದಿನಲ್ಲಿ ಮೆಟ್ಟಿಲಿನಿಂದ ಬಿದ್ದು ಗದ್ದಕ್ಕೆ ಪೆಟ್ಟಾಗಿತ್ತು. ಕಿವಿಯ ಮುಂದಿನ ಕೀಲು ಬರಬರುತ್ತಾ ಮೂಳೆಗೆ ಮೂಳೆ ಅಂಟಿ ಬಿಗಿದುಕೊಂಡಿತು. ಮೆತ್ತಗೆ ಕಲಸಿದ ಅನ್ನ ತಿಂದುಕೊಂಡೇ ಇಷ್ಟು ವರ್ಷ ಸಂಸಾರ ಮಾಡಿದೆ. ಹೋದ ವರ್ಷ ಆದೋನಿಯ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಬದನೆಕಾಯಿ ಚೂರೊಂದು ಗಂಟಲಲ್ಲಿ ಸಿಕ್ಕಿಕೊಂಡಿತು. ತೆಗೆಯಲು ಬಂದ ನಮ್ಮನೆಯವರ ಬೆರಳು ಹಲ್ಲಿನ ಹತ್ತಿರವೇ ನಿಂತಿತು. ಚೂರು ತಾನಾಗಿ ಜಾರಿತು, ಬದುಕಿಕೊಂಡೆ. ಅಲ್ಲಿಂದ ತುತ್ತು ತುತ್ತಿಗೂ ಹೆದರಿಕೆ.

ಕರ್ನೂಲಿನ ಡಾಕ್ಟರು ಹಳೆಯ ಕೀಲು ತೆಗೆದು ಹೊಸದು ಕೂರಿಸಬೇಕು ಅಂದರು. ಮೇಲಿನ ಗುಳಿ ಗಟ್ಟಿ ಪ್ಲಾಸ್ಟಿಕ್ಕಿನದು. ಅದರಲ್ಲಿ ಆಡುವ ಗುಂಡು ಕೋಬಾಲ್ಟ್, ಕ್ರೋಮಿಯಂ ಬೆರೆಸಿದ ಲೋಹದ್ದು. ಅದರಲ್ಲಿ ಚೂರು ನಿಕೆಲ್ ಕೂಡ ಇರುತ್ತದಂತೆ. "ಗಿಲೀಟು ಓಲೆ ಹಾಕಿದರೆ ಕಿವಿ ಕೆರೀತದಾ?" ಎಂದು ಕೇಳಿದರು.

ಗಿಲೀಟು ಓಲೆಗೆ ನನ್ನ ಕಿವಿ ಸೋರುತ್ತದೆ, ವಾಚಿನ ಪಟ್ಟಿಗೆ ಮಣಿಕಟ್ಟು ಕೆಂಪಾಗುತ್ತದೆ. ಓಲೆಯಾದರೆ ಕಿತ್ತು ಬಿಸಾಡಬಹುದು. ದವಡೆಯೊಳಗೆ ಇಟ್ಟುಕೊಳ್ಳುವುದೆಂದರೆ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡ ಹಾಗೆ.

ಜೊತೆಗೆ ಬಂದಿದ್ದ ನಮ್ಮ ಅತ್ತೆ ಸುಮ್ಮನಿರುವವರಲ್ಲ. "ವರ್ಷಾ ವರ್ಷಾ ಕಾಸಿದ ಮುದ್ರಿ ಒತ್ತಿಸ್ಕೊಂತಾಳ್ರಿ, ಆಕಿಗೆ ಏನೂ ಆಗಿಲ್ಲ," ಅಂದರು. ಆಷಾಢ ಏಕಾದಶಿಗೆ ಸ್ವಾಮಿಗಳು ತೋಳಿಗೆ ಒತ್ತುವ ಶಂಖ ಚಕ್ರಗಳ ಮಾತದು.

"ಅದು ಒಂದು ಕ್ಷಣ ಅಮ್ಮಾ. ಇದು ಕೊನೆತನಕ ಒಳಗೇ ಇರ್ತದೆ."

"ಹಂಗಾದ್ರ ಬಂಗಾರದ್ದು ಹಾಕ್ರಿ."

"ಬಂಗಾರ ಮೆತ್ತಗೆ. ಅಗಿಯೋ ಕೆಲಸಕ್ಕೆ ಬರಲ್ಲ."

ಯಾವುದು ಒಗ್ಗುತ್ತದೆಂದು ನೋಡಲು ನನ್ನ ಬೆನ್ನಿಗೆ ಒಂದೊಂದು ಲೋಹದ ಮದ್ದು ಸವರಿದ ಪಟ್ಟಿಗಳನ್ನು ಅಂಟಿಸಿ, ನೀರು ಸೋಕಬಾರದು ಎಂದು ಕಳಿಸಿದರು. ಸ್ನಾನವಿಲ್ಲದವಳಿಗೆ ನಮ್ಮ ಮಡಿ ಮನೆಯಲ್ಲಿ ಅಡಿಗೆಮನೆಯ ಹೊಸ್ತಿಲೂ ಇಲ್ಲ. ಪಡಸಾಲೆಯಲ್ಲಿ ಕೂತೆ. ಮಾರನೆಯ ದಿನ ಬೆನ್ನು ತುರಿಸತೊಡಗಿತು. ಅತ್ತೆಯನ್ನು ಕರೆದೆ. ಮಡಿಯುಟ್ಟಿದ್ದ ಅವರು ಬಾಗಿಲಲ್ಲೇ ನಿಂತು ಕತ್ತು ಚಾಚಿ ನೋಡಿ, "ಏನಿಲ್ಲ ಬಿಡು," ಅಂದರು. ಪಟ್ಟಿಯ ಅಡಿಯಲ್ಲಿರುವುದು ಅಷ್ಟು ದೂರದಿಂದ ಇವರಿಗೇನು ಕಂಡೀತು? ಸಿಟ್ಟು ಬಂತು. ಸಿಟ್ಟಿಗಿಂತ ಭಯವೇ ಹೆಚ್ಚು. ಎಲ್ಲ ಲೋಹಕ್ಕೂ ಮೈ ಎದ್ದರೆ ಹಾಕುವುದಕ್ಕೆ ಉಳಿಯುವುದೇನು?

ಪಟ್ಟಿ ಬಿಚ್ಚಿದ ಡಾಕ್ಟರು, "ನಿಕೆಲ್ ಪಡದು. ಕೋಬಾಲ್ಟೂ ಪಡದು," ಅಂದರು. ಎರಡೂ ನನ್ನ ಮೈಗೆ ಒಗ್ಗುವುದಿಲ್ಲ. ಟೈಟಾನಿಯಂ ಅಂಟಿಸಿದ ಜಾಗದಲ್ಲಿ ಮಾತ್ರ ಏನೂ ಎದ್ದಿರಲಿಲ್ಲ. ಗುಂಡನ್ನು ಅದರಲ್ಲೇ ಮಾಡಿಸಬಹುದು, ಆದರೆ ಪ್ಲಾಸ್ಟಿಕ್ಕಿಗೆ ಉಜ್ಜಿ ಉಜ್ಜಿ ಬೇಗ ಸವೆಯಬಹುದು, ಸವೆದ ಪುಡಿ ಒಳಗೇ ಉಳಿದು ಬಾವು ತರಬಹುದು ಎಂದರು. ಅತ್ತ ದರಿ, ಇತ್ತ ಪುಲಿ.

"ಅದನ್ನೂ ಮೈ ಬ್ಯಾಡ ಅಂದ್ರ?" ಎಂದು ಕೇಳಿದೆ.

"ತೆಗೀಬೇಕಾಗ್ತದೆ."

"ತೆಗೆದ ಮ್ಯಾಲ ಆ ಜಾಗದಾಗ ಏನಿರ್ತೈತ್ರಿ?"

ಡಾಕ್ಟರು ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಹಾಕಿದರು. "ಆಗ ನೋಡೋಣಮ್ಮಾ," ಅಂದರು. ಈ ಸಲ ಜೊತೆಗೆ ಬಂದಿದ್ದ ನಮ್ಮನೆಯವರು ನನ್ನ ಮುಖವನ್ನೇ ನೋಡುತ್ತಿದ್ದರು. ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ, "ಟೈಟಾನಿಯಂನೇ ಹಾಕ್ರಿ," ಅಂದೆ.

ತೆರೆಯದ ಬಾಯಿ, ಭಯಕ್ಕೆ ಇಳಿದ ದನಿ. ಡಾಕ್ಟರು ಮುಂದೆ ಬಗ್ಗಿ, "ಏನಂದ್ರಿ?" ಎಂದು ಕೇಳಿದರು.

ಮತ್ತೊಮ್ಮೆ ಹೇಳಬೇಕಾಯಿತು.