ವಶದ ಬಳೆ ಮತ್ತು ನಮ್ಮ ಓನರ್ ಆಂಟಿ

ನಮ್ಮ ಓನರ್ ಆಂಟಿಯ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿಕೊಂಡಿತ್ತು. ಹುಡುಗಿಯಾಗಿದ್ದಾಗ ರಾಗಿ ಕೊಯ್ಯುವಾಗ ಕುಡುಗೋಲು ತಗುಲಿ ಆದದ್ದಂತೆ. ಆಮೇಲೆ ಅದು ಎರಡು ಹೋಳಾಗಿಯೇ ಬೆಳೆಯಿತು. ಅವರೆಕಾಯಿಯ ತುದಿಯನ್ನು ಆ ಸೀಳಿಗೆ ಸಿಕ್ಕಿಸಿ ಎಳೆದರೆ ನಾರು ಒಂದೇ ಎಳೆತಕ್ಕೆ ಬಂದುಬಿಡುತ್ತಿತ್ತು. ನಾನು ಒಂದು ಹಿಡಿ ಸುಲಿಯುವಷ್ಟರಲ್ಲಿ ಅವರ ಮೊರ ತುಂಬಿರುತ್ತಿತ್ತು. "ನಿನ್ ಉಗುರು ಬಣ್ಣ ಹಚ್ಕೊಳ್ಳೋಕಷ್ಟೇ ಲಾಯಕ್ಕು ಬಿಡು" ಎಂದು ನಗುತ್ತಿದ್ದರು.

ವಸಂತಪುರದ ಅವರ ಕಟ್ಟಡದಲ್ಲಿ ನಾನು ಎರಡನೇ ಮಹಡಿಯ ಬಾಡಿಗೆದಾರಳು. ಕಟ್ಟಡ ನಿಂತಿರುವ ಜಾಗ ಮೊದಲು ಅವರ ಹೊಲ. ಕಾರು ನಿಲ್ಲಿಸುವ ಜಾಗವನ್ನು ಅವರು ಕೊನೆಯವರೆಗೂ ಕಣ ಎಂದೇ ಕರೆದರು. "ನಿನ್ ಸ್ಕೂಟಿ ಕಣಕ್ಕೆ ಅಡ್ಡ ನಿಲ್ಲಿಸಿದ್ದೀಯ, ತೆಗಿ" ಎಂದು ಕೆಳಗಿನಿಂದ ಕೂಗುತ್ತಿದ್ದರು. ಗಂಡ ತೀರಿಕೊಂಡಿದ್ದರು. ಗಂಡನನ್ನು ಕಳೆದುಕೊಂಡ ತಂಗಿಯೂ ಅವರ ಜೊತೆಯಲ್ಲೇ ಕೆಳಗಿನ ಮನೆಯಲ್ಲಿದ್ದರು.

ನನ್ನ ಕೆಲಸ ವಿಡಿಯೋ ಗೇಮುಗಳ ಇಂಗ್ಲಿಷ್ ಮಾತುಗಳನ್ನು ಕನ್ನಡಕ್ಕೆ ತರುವುದು. ಇಂಥದ್ದೊಂದು ಕೆಲಸ ಇದೆ ಎಂದರೆ ಯಾರೂ ನಂಬುವುದಿಲ್ಲ, ನನ್ನ ಅಪ್ಪನೂ ನಂಬಿರಲಿಲ್ಲ. ಆಂಟಿ ಮಾತ್ರ ಮೊದಲ ದಿನವೇ "ಎಲ್ಲಿ, ಒಂಚೂರು ಓದು ನೋಡಾಣ" ಎಂದರು. ಆಗ ನನ್ನ ಕೈಯಲ್ಲಿದ್ದದ್ದು ಒಂದು ದೊಡ್ಡ ಆಟ. ಅದರಲ್ಲಿ ಮನುಷ್ಯರ ಬುದ್ಧಿಯನ್ನೇ ಹಿಡಿದು ಆಡಿಸುವ ಒಂದು ಕಬ್ಬಿಣದ ಬಳೆ. ಅದಕ್ಕೆ ನಾನು ಇಟ್ಟಿದ್ದ ಹೆಸರು "ಮನೋನಿಯಂತ್ರಕ ಕಂಕಣ". ಆಂಟಿ ಅವರೆಕಾಯಿ ಕೆಳಗಿಟ್ಟು ನನ್ನ ಮುಖ ನೋಡಿದರು.

"ಏನಮ್ಮ ಇದು, ಕರೆಂಟ್ ಆಫೀಸ್ ಬೋರ್ಡ್ ಇದ್ದಂಗೈತೆ! ಹಾಕ್ಕೊಂಡೋರು ವಶ ಆಗ್ತಾರೆ ತಾನೆ? ವಶದ ಬಳೆ ಅನ್ನು, ಮುಗೀತು."

ಮುಗಿಯಿತು. ಅಂದಿನಿಂದ ಮಧ್ಯಾಹ್ನದ ಹೊತ್ತು ನಾನು ಲ್ಯಾಪ್‌ಟಾಪ್ ಹಿಡಿದು ಅವರ ಮೆಟ್ಟಿಲ ಮೇಲೆ ಕೂರುವುದು, ಬರೆದದ್ದನ್ನು ಓದುವುದು, ಅವರು ಮುಖ ಸಿಂಡರಿಸಿದ ಕಡೆಯೆಲ್ಲ ತಿದ್ದುವುದು ರೂಢಿಯಾಯಿತು. ಎಂಟು ವರ್ಷ ಕನ್ನಡ ಬರೆದು ಹೊಟ್ಟೆ ಹೊರೆದಿದ್ದ ನನಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಅವರಿಲ್ಲದೆ ಒಂದು ಸಾಲೂ ಕಳಿಸದಂತಾದೆ.

ಬಳೆಯ ಚರಿತ್ರೆ ಆಟದಲ್ಲಿ ಒಂದೇ ಕಡೆ ಇರಲಿಲ್ಲ. ಆಡುವವರು ಒಂದೊಂದು ಊರು ಗೆದ್ದಾಗ ಒಂದೊಂದು ತುಣುಕು ಸಿಗುತ್ತಿತ್ತು. ಕಂಪನಿಯವರು ನನಗೂ ಹಾಗೆಯೇ ಬಿಡಿಬಿಡಿಯಾಗಿ ಕಳಿಸುತ್ತಿದ್ದರು. ಒಬ್ಬ ಕಮ್ಮಾರ ಅದನ್ನು ತನ್ನ ರಾಜನಿಗಾಗಿ ಮಾಡಿದ. ಅದನ್ನು ತೊಟ್ಟವರು ತೊಡಿಸಿದವರ ಮಾತು ಮೀರುವಂತಿರಲಿಲ್ಲ. ಒಬ್ಬ ದಂಡನಾಯಕ ತೊಟ್ಟು ತನ್ನ ಊರಿಗೇ ಬೆಂಕಿಯಿಟ್ಟ. ಒಬ್ಬ ವರ್ತಕ ತೊಟ್ಟು ಹೆಂಡತಿ ಮಕ್ಕಳನ್ನು ಬಿಟ್ಟು ಹಡಗು ಹತ್ತಿದ. ಆಂಟಿ ಇದನ್ನೆಲ್ಲ ಪಕ್ಕದ ಬೀದಿಯ ಸುದ್ದಿ ಕೇಳುವಂತೆ ಕೇಳುತ್ತಿದ್ದರು. "ಆ ವರ್ತಕ ಮೊದ್ಲೇ ಅಂಥೋನು ಬಿಡು" ಎಂದು ತೀರ್ಪನ್ನೂ ಕೊಟ್ಟಿದ್ದರು.

ಮುಂದಿನ ತುಣುಕಿನಲ್ಲಿ ಒಬ್ಬ ರಾಜಕುಮಾರ ಬಂದ. ಪರದೇಶದ ಹುಡುಗಿ ಅವನ ಕೈಗೆ ಬಳೆ ತೊಡಿಸಿದಳು. ಅವನು ತಾಯಿಯ ಅರಮನೆ ಬಿಟ್ಟು ಅವಳ ಹಿಂದೆ ಹೊರಟುಹೋದ. ಓದಿ ತಲೆಯೆತ್ತಿದರೆ ಆಂಟಿಯ ಕೈ ನಿಂತಿತ್ತು.

"ಅದೇ ಕಣಮ್ಮ. ನಮ್ಮನೇಲೂ ಆಗಿದ್ದು ಅದೇ."

ಅವರಿಗೆ ಮಗನೊಬ್ಬನಿದ್ದಾನೆ ಎಂದು ನನಗೆ ಗೊತ್ತಾದದ್ದೇ ಅಂದು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ಅಲ್ಲಿಯ ಹುಡುಗಿಯನ್ನು ಮೆಚ್ಚಿ ಮದುವೆಯಾಗಿ ವಿಲ್ಸನ್ ಗಾರ್ಡನ್‌ನಲ್ಲಿ ಮನೆ ಮಾಡಿದ್ದ. ಅವಳು ಮದ್ದು ಹಾಕಿದ್ದಾಳೆ ಎಂದು ಹೇಳಿದವರು ಆಂಟಿಯ ತಂಗಿ. ಊಟದಲ್ಲಿ ಏನನ್ನೋ ಬೆರೆಸಿ ಕೊಟ್ಟರೆ ತಿಂದವರ ಮನಸ್ಸು ತಿರುಗಿಬಿಡುತ್ತದೆ ಎಂಬ ಈ ನಂಬಿಕೆ ನಮ್ಮ ಕಡೆ ಯಾವ ಮನೆಗೂ ಹೊಸದಲ್ಲ. ಮದ್ದು ತೆಗೆಯುವವರೂ ಇದ್ದಾರೆ. ಅಂಥವರ ಹತ್ತಿರ ಕರೆದರೆ ಮಗ ಬರುವುದಿಲ್ಲ ಎಂದ. ಮೊಮ್ಮಗಳ ನಾಮಕರಣಕ್ಕೆ ಹೋದ ಆಂಟಿ ಆ ಮನೆಯಲ್ಲಿ ಒಂದು ತೊಟ್ಟು ನೀರನ್ನೂ ಮುಟ್ಟಲಿಲ್ಲ. "ನನ್ ಮನೇಲಿ ನೀರ್ ಕುಡೀದಿದ್ಮೇಲೆ ನನ್ನ ನೋಡೋಕೂ ಬರ್ಬೇಡ" ಎಂದು ಅವನು ನೆಂಟರ ಮುಂದೆಯೇ ಹೇಳಿಬಿಟ್ಟ. ಅಲ್ಲಿಗೆ ಹೋಗಿಬರುವುದು ನಿಂತುಹೋಯಿತು.

ಅಂದಿನಿಂದ ಆಂಟಿಗೆ ನನ್ನ ಕನ್ನಡದ ತಪ್ಪುಗಳು ಬೇಡವಾದವು. ಅವರು ಕೇಳುತ್ತಿದ್ದದ್ದು ಒಂದೇ: "ಬಳೆ ಬಿಚ್ಚೋದ್ ಹೆಂಗೆ ಅಂತ ಬರ್ದವ್ರಾ? ಹುಡುಗ ವಾಪಸ್ ಬತ್ತಾನಾ?" ಇನ್ನೂ ಬಂದಿಲ್ಲ ಆಂಟಿ, ಬಂದ ಕೂಡಲೇ ಓದುತ್ತೇನೆ ಎನ್ನುತ್ತಿದ್ದೆ. ಅದು ಬರೀ ಆಟ ಎಂದು ಹೇಳುವ ಧೈರ್ಯ ನನಗಿರಲಿಲ್ಲ, ಹೇಳಬೇಕೆಂದು ಅನ್ನಿಸಲೂ ಇಲ್ಲ.

ಆ ಹೊತ್ತಿಗೇ ಅವರಿಗೆ ಊಟ ಸೇರದಂತಾಗಿತ್ತು. ಜಯನಗರದ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಹೊಟ್ಟೆಯ ಕ್ಯಾನ್ಸರ್, ಹರಡಿಬಿಟ್ಟಿತ್ತು. ಆಂಟಿ ಡಾಕ್ಟರ ಮಾತನ್ನು ತಲೆಯಾಡಿಸುತ್ತಾ ಕೇಳಿ, ಹೊರಗೆ ಬಂದ ಮೇಲೆ "ತಂಗಿಗೆ ಹೇಳ್ಬೇಡ, ಬೀದಿ ತುಂಬ ಅತ್ಕೊಂಡ್ ಓಡಾಡ್ತಾಳೆ" ಎಂದರು. ಆಟೋದಲ್ಲಿ ನಾನೇ ಅತ್ತೆ. ಅವರು ನನ್ನ ಬೆನ್ನು ಸವರಿದರು.

ಕೊನೆಯ ತುಣುಕು ಬಂದದ್ದು ಅದೇ ವಾರ. ಅದು ಮುದುಕನಾದ ಕಮ್ಮಾರನ ಮಾತು. ಹಾಗೆಯೇ ಓದಿದೆ: "ನಾನು ಮಾಡಿದ್ದು ಬರೀ ಕಬ್ಬಿಣದ ಬಳೆ. ಅದರೊಳಗೆ ಏನೂ ಇರಲಿಲ್ಲ. ತೊಟ್ಟವರೆಲ್ಲ ತಮಗೆ ಬೇಕಾದದ್ದನ್ನೇ ಮಾಡಿದರು. ಉಳಿದವರಿಗೆ ದೂರುವುದಕ್ಕೆ ಒಂದು ಬಳೆ ಬೇಕಿತ್ತು."

"ಸುಳ್ಳ ಅವ್ನು" ಎಂದು ಆಂಟಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಕೆಲವು ದಿನ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಬೆಳಿಗ್ಗೆ ಬಾಗಿಲು ಬಡಿದರು. ರೇಷ್ಮೆ ಸೀರೆ ಉಟ್ಟಿದ್ದರು, ಮೈ ಇಳಿದುಹೋಗಿ ನೆರಿಗೆ ನಿಲ್ಲುತ್ತಿರಲಿಲ್ಲ. "ಬಳೆ ಮಾಡ್ದೋನೇ ಅವ್ನು. ಅವ್ನಿಗ್ಯಾಕೆ ಸುಳ್ ಹೇಳೋ ಗ್ರಹಚಾರ?" ಎಂದರು. ನೆರಿಗೆ ಸಿಕ್ಕಿಸಿಕೊಳ್ಳುತ್ತಾ, "ವಿಲ್ಸನ್ ಗಾರ್ಡನ್‌ಗೆ ಹೋಗ್ಬೇಕು. ಜೊತೇಲಿ ಬಾ."

ಬಾಗಿಲು ತೆರೆದವಳು ಸೊಸೆ. ಮಗ ಕೆಲಸಕ್ಕೆ ಹೋಗಿದ್ದ, ಮೊಮ್ಮಗಳು ಸ್ಕೂಲಿನಲ್ಲಿದ್ದಳು. ಆಂಟಿ ಕುರ್ಚಿಯಲ್ಲಿ ಕೂತು "ಒಂಚೂರು ನೀರ್ ಕೊಡಮ್ಮ" ಎಂದರು. ಆ ಹುಡುಗಿ ಚೊಂಬು ತಂದಳು. ನಿಂತು ಯೋಚಿಸಿದಳು. ಆಮೇಲೆ ಒಂದು ಲೋಟಕ್ಕೆ ಬಗ್ಗಿಸಿ, ನಮ್ಮೆದುರಿಗೇ ಮೊದಲು ತಾನು ಕುಡಿದು ತೋರಿಸಿದಳು. ಅಂಥದ್ದನ್ನು ನಾನು ಇನ್ನೊಮ್ಮೆ ನೋಡಲಾರೆ.

"ಹಂಗೆಲ್ಲ ಮಾಡ್ಬೇಡ ಕಣಮ್ಮ, ಹಂಗೆಲ್ಲ ಮಾಡ್ಬೇಡ" ಎನ್ನುತ್ತಾ ಆಂಟಿ ಅವಳ ಕೈಯಿಂದ ಚೊಂಬನ್ನೇ ಇಸಿದುಕೊಂಡು ಗಟಗಟ ಕುಡಿದರು. "ಅಡಿಗೆ ಏನ್ ಮಾಡಿದ್ದೀಯ?"

ಮುದ್ದೆ, ಹುರುಳಿಕಾಳಿನ ಬಸ್ಸಾರು. ಗಂಜಿಯನ್ನೂ ಉಳಿಸಿಕೊಳ್ಳಲಾಗದ ಹೊಟ್ಟೆ ಅದು. ನಾನು ಕಣ್ಸನ್ನೆ ಮಾಡಿದರೂ ಅವರು ನೋಡಲಿಲ್ಲ. ಇಡೀ ಮುದ್ದೆ ಉಂಡು, ಸಾರನ್ನು ಇನ್ನೊಮ್ಮೆ ಬಡಿಸಿಕೊಂಡರು. ಬಡಿಸುವಾಗ ಸೊಸೆಯ ಕಣ್ಣೀರು ತಟ್ಟೆಗೇ ಬೀಳುವಂತಿತ್ತು.

ವಾಪಸ್ ಬರುವಾಗ ಲಾಲ್‌ಬಾಗ್ ಹತ್ತಿರ ಆಟೋ ನಿಲ್ಲಿಸಲು ಹೇಳಿ, ಕಾಂಪೌಂಡಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಉಂಡದ್ದನ್ನೆಲ್ಲ ಕಾರಿಕೊಂಡರು. ನಾನು ತಲೆ ಹಿಡಿದುಕೊಂಡಿದ್ದೆ. ಬಾಯಿ ಮುಕ್ಕಳಿಸಿದ ಮೇಲೆ ನನ್ನ ಕೈ ಬಿಗಿಯಾಗಿ ಹಿಡಿದರು.

"ಇದನ್ನ ಯಾರ್ಗೂ ಹೇಳ್ಬೇಡ. ಅವಳಿಗಂತೂ ಹೇಳ್ಲೇಬೇಡ. ಪಾಪ, ಅನ್ನ ಇಕ್ಕಿದ್ದೇ ತಪ್ಪಾಯ್ತು ಅಂದ್ಕೊಂಡ್ಬಿಡ್ತಾಳೆ."

ಅಂದು ಸಂಜೆಯೇ ಮಗ ಬಂದ. ಮರುದಿನ ಹೆಂಡತಿ ಮಗಳನ್ನೂ ಕರೆತಂದ. ಆಸ್ಪತ್ರೆಯ ವಿಷಯವನ್ನು ಅವನಿಗೆ ಆಂಟಿಯೇ ಹೇಳಿದರು, ತಂಗಿಗೆ ಮಾತ್ರ ಕೊನೆಯವರೆಗೂ ಹೇಳಬಿಡಲಿಲ್ಲ. ಅವರಿಗೆ ಸಿಕ್ಕಿದ್ದು ಕೆಲವೇ ವಾರ. ಅಷ್ಟರಲ್ಲಿ ಮೊಮ್ಮಗಳು ಆ ಸೀಳು ಉಗುರನ್ನು ಹಿಡಿದುಕೊಂಡೇ ನಿದ್ದೆ ಹೋಗುವುದನ್ನು ಕಲಿತಿದ್ದಳು. ಅಷ್ಟು ಬೇಗ ಹೋಗಬಾರದಿತ್ತು ನಮ್ಮ ಆಂಟಿ. ಇದನ್ನು ಬೇರೆ ಹೇಗೆ ಹೇಳಬೇಕೋ ನನಗೆ ತಿಳಿಯದು, ತಿದ್ದುವವರೂ ಈಗ ಇಲ್ಲ.

ಅವರನ್ನು ಕಣದಲ್ಲಿ ಮಲಗಿಸಿದ್ದಾಗ ತಂಗಿ ಎದೆ ಬಡಿದುಕೊಂಡು ಅತ್ತರು: "ಚೆನ್ನಾಗೇ ಇದ್ಳಲ್ಲಪ್ಪೋ! ಆ ಮನೇಲಿ ಉಂಡ್ಬಂದ್ಳು, ಮಲಗ್ಬಿಟ್ಳು!" ನೆರೆದವರೆಲ್ಲ ಸೊಸೆಯ ಕಡೆ ತಿರುಗಿದರು. ಮಗ ತಾಯಿಯ ಪಾದ ಹಿಡಿದು ಅಳುತ್ತಿದ್ದ. ನಾನು ಮುಂದೆ ಹೋಗಿ, ಕಾಯಿಲೆ ಮೊದಲೇ ಇತ್ತೆಂದೂ ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನೇ ಎಂದೂ ಎಲ್ಲರಿಗೂ ಕೇಳುವಂತೆ ಹೇಳಿದೆ. ತಂಗಿ ನಂಬಿದರೋ ಇಲ್ಲವೋ ಗೊತ್ತಿಲ್ಲ, ಸುಮ್ಮನಂತೂ ಆದರು.

ಆಟ ಈಗ ಬಿಡುಗಡೆಯಾಗಿದೆ. ಕನ್ನಡದಲ್ಲಿ ಆಡುವ ಮಕ್ಕಳೆಲ್ಲ ವಶದ ಬಳೆ ಎಂದೇ ಅನ್ನುತ್ತಾರೆ. ಆ ಹೆಸರು ಕೊಟ್ಟವರು ಯಾರೆಂದು ಅದರಲ್ಲಿ ಎಲ್ಲೂ ಬರೆದಿಲ್ಲ.

ತಿಥಿಯ ಊಟ ಮುಗಿದ ಮೇಲೆ ಸೊಸೆ ನನ್ನ ಮನೆಗೆ ಹತ್ತಿ ಬಂದಳು. ಕೂರಲಿಲ್ಲ. ಬಾಗಿಲ ಬಳಿಯೇ ನಿಂತು ಕೇಳಿದಳು: "ಅಕ್ಕಾ, ಅವತ್ತು ನಮ್ಮನೇಲಿ ಉಂಡಿದ್ದು... ಅತ್ತೆಗೆ ಒಗ್ಗಿತಾ?"

"ಒಗ್ಗದೆ ಏನು?" ಎಂದೆ. "ದಾರೀಲೆಲ್ಲ ನಿಮ್ಮ ಬಸ್ಸಾರಿನ ಮಾತೇ."