ಟರ್ಬೊ ಕಾರಿನ ಎಣ್ಣೆ, ಹಿರೇಬೆಂಡಿಗೇರಿಯ ಊಟ

ಹಿರೇಕೆರೂರು ಬಿಟ್ಟಾಗ ಬೆಳಗಿನ ಬಿಸಿಲು ಇನ್ನೂ ಹದವಾಗಿತ್ತು. ಪಕ್ಕದ ಸೀಟಿನಲ್ಲಿ ಒಂದು ಚೀಲ, ನೀರಿನ ಬಾಟಲಿ, ಅಷ್ಟೇ. ನಮ್ಮ ಮನೆಯವರು ತೀರಿಕೊಂಡ ಮೇಲೆ ಕಾರನ್ನು ನಾನೊಬ್ಬಳೇ ದೂರ ಒಯ್ದದ್ದು ಇದೇ ಮೊದಲು. ಹಿರೇಬೆಂಡಿಗೇರಿಯ ಫಕ್ಕೀರಪ್ಪ ಕಾಕಾ, ನಮ್ಮಪ್ಪನ ಗೆಳೆಯರು, ಊಟಕ್ಕೆ ಬಾ ಎಂದು ಮತ್ತೆ ಮತ್ತೆ ಫೋನ್ ಮಾಡಿದ್ದರು. ಇತ್ತ ನನ್ನ ಮೈದುನ, "ಒಬ್ರ ಕೈಲೆ ಈ ಗಾಡಿ ನೀಗೂದಿಲ್ಲ, ಮಾರಿಬಿಡ್ರಿ ವೈನಿ," ಎಂದು ಗಿರಾಕಿಯನ್ನೇ ಹುಡುಕಿ ಇಟ್ಟಿದ್ದ. ದಾರಿಯಲ್ಲಿ ಕಾರು ಕೆಟ್ಟರೆ ಅವನ ಮಾತೇ ಗೆಲ್ಲುತ್ತಿತ್ತು. ಆಮೇಲೆ ನಾನು ಬಸ್ಸು ಕಾಯಬೇಕು, ಇಲ್ಲವೆ ಮನೆಯಲ್ಲೇ ಕೂರಬೇಕು. ಹೆಚ್ಚಾಗಿ ಮನೆಯಲ್ಲೇ.

ಹೊರಡುವ ಮುನ್ನ ಬಾನೆಟ್ ಎತ್ತಿ, ಎಣ್ಣೆ ಅಳೆಯುವ ಕಡ್ಡಿಯನ್ನು ಒರೆಸಿ ನೋಡಿದ್ದೆ. ಇವರು ಇದ್ದಾಗ ರವಿವಾರ ಬೆಳಿಗ್ಗೆ ಮಾಡುತ್ತಿದ್ದ ಕೆಲಸ ಅದು. ನಾನು ಚಹಾ ಹಿಡಿದು ನಿಂತು ನಗುತ್ತಿದ್ದೆ. ಎಣ್ಣೆ ಕೆಳಗಿನ ಗೆರೆಯ ಹತ್ತಿರಕ್ಕೆ ಇಳಿದಿತ್ತು. ಟರ್ಬೊ ಇರುವ ಪೆಟ್ರೋಲ್ ಕಾರು. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ತೆಳುವಾದ ಸಿಂಥೆಟಿಕ್ ಎಣ್ಣೆಯೇ ಬೇಕು ಎಂದು ಇವರು ಸಾರಿ ಸಾರಿ ಹೇಳುತ್ತಿದ್ದರು. ದಾರಿಯಲ್ಲಿ ಕೊಂಡರಾಯಿತು ಎಂದು ಹೊರಟೆ.

ಹಂಸಭಾವಿ ದಾಟಿ ಹಾನಗಲ್ ಮುಟ್ಟಿ, ಬಿಡಿಭಾಗಗಳ ಅಂಗಡಿಯೊಂದರ ಮುಂದೆ ನಿಲ್ಲಿಸಿದೆ.

"ಟ್ರ್ಯಾಕ್ಟರಿಂದು ಐತ್ರಿ ಅಕ್ಕಾರ, ಗಟ್ಟಿ ಎಣ್ಣಿ. ನಿಮ್ಮ ಗಾಡಿಗೂ ನಡೀತೈತಿ," ಎಂದ ಅಂಗಡಿಯವ.

"ಇದಕ್ಕ ನಡಿಯೂದಿಲ್ರಿ."

"ಹಂಗಾರ ಮನ್ಯಾಗ ಗಂಡಸರನ್ನ ಕೇಳ್ಕೊಂಡು ಬರ್ರಿ."

ಕೇಳುವ ಹಾಗಿದ್ದರೆ ನಾನೇಕೆ ಬರುತ್ತಿದ್ದೆ ಎನ್ನಬೇಕೆನಿಸಿತು. ಕಾರಿನಲ್ಲಿ ಕುಳಿತು ಸ್ವಲ್ಪ ಅತ್ತು, ಕಣ್ಣೊರೆಸಿಕೊಂಡು ಮುಂದೆ ನಡೆದೆ.

ಬಂಕಾಪುರದ ಕಡೆ ರಸ್ತೆಯ ಅರ್ಧಕ್ಕೆ ಗೋವಿನಜೋಳ ಒಣಹಾಕಿದ್ದರು. ನಿಧಾನ ಹೋಗದೆ ವಿಧಿಯಿರಲಿಲ್ಲ. ಶಿಗ್ಗಾವಿಯಲ್ಲಿ ಪುಸ್ತಕದಲ್ಲಿದ್ದ ದರ್ಜೆಯ ಸಂಖ್ಯೆಯದೇ ಎಣ್ಣೆ ಸಿಕ್ಕಿತು. ಚಾಳೀಸು ಹಾಕಿಕೊಂಡು ಡಬ್ಬಿಯ ಬೆನ್ನು ಓದಿದರೆ ಡೀಸೆಲ್ ಗಾಡಿಯದು. "ಸವಣೂರಾಗ ನೋಡ್ರಿ," ಎಂದರು. ಇಪ್ಪತ್ತು ಕಿಲೋಮೀಟರ್ ಸುತ್ತು. ಕಾಕಾನ ಊರು ಇಷ್ಟು ಹತ್ತಿರ ಬಂದು ದೂರವಾದದ್ದಕ್ಕೆ ಸಿಟ್ಟು ಬಂತು.

ಸವಣೂರಿನ ಅಂಗಡಿಯ ಮುದುಕರು ಕಾರಿನ ಪುಸ್ತಕ ತರಿಸಿ, ಆ ಪುಟಕ್ಕೆ ಬೆರಳಿಟ್ಟು ಓದಿದರು. "ಟರ್ಬೊದಾಗಿನ ಸಣ್ಣ ಚಕ್ರ ಭಾಳ ಜೋರು ತಿರಗತೈತ್ರಿ, ಭಾಳ ಕಾಯ್ತೈತಿ. ಎಣ್ಣಿ ಲಗೂನ ಮುಟ್ಟಬೇಕು, ಸುಟ್ಟು ಕರಕಾಗಬಾರ್ದು," ಎಂದು ಸರಿಯಾದ ಕ್ಯಾನು ತೆಗೆದಿಟ್ಟರು. ಬಿಡಿ ಲೀಟರ್ ಇರಲಿಲ್ಲ, ದೊಡ್ಡದೊಂದೇ. ಗೊಣಗುತ್ತಲೇ ಕೊಂಡೆ. ಎಂಜಿನ್ ಆರಿದ ಮೇಲೆ ಕಾಕಾನ ಅಂಗಳದಲ್ಲಿ ಹಾಕಿಕೊಂಡರಾಯಿತು ಎಂದುಕೊಂಡೆ. ಕಾಕಾನ ಹೆಂಡತಿ, ನಮ್ಮ ಚಿಗವ್ವನಿಗೆಂದು ಆ ಊರಿನ ತಿನಿಸು ಖಾರಾ ಕಟ್ಟಿಸಿದೆ.

ಹಿರೇಬೆಂಡಿಗೇರಿ ಮುಟ್ಟಿದಾಗ ಊಟದ ಹೊತ್ತು ಮೀರಿತ್ತು. ಚಿಗವ್ವ, "ಎಷ್ಟ ಸೊರಗೀಯವ್ವಾ!" ಎಂದು ಕೈ ಹಿಡಿದೇ ಒಳಗೆ ಕರೆದೊಯ್ದಳು. ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮೊಸರು. ಉಣ್ಣುತ್ತ ಮಾತಿಗೆ ಹೇಳಿದೆ, "ಗಾಡ್ಯಾಗ ಎಣ್ಣಿ ಕಡಿಮಿ ಆಗೇತ್ರಿ ಕಾಕಾ." ಅವರು ಥಟ್ಟನೆ ಎದ್ದು ಹೊರಗೆ ಹೋದರು. ನಾನು ಎರಡನೆಯ ರೊಟ್ಟಿ ಮುರಿದೆ.

ಆ ಮನೆಯ ಪದ್ಧತಿ ನನಗೆ ನೆನಪಿರಬೇಕಿತ್ತು. ನಾನು ಸಣ್ಣವಳಿದ್ದಾಗ ಅಪ್ಪನ ಜೊತೆ ಚಕ್ಕಡಿಯಲ್ಲಿ ಬಂದರೆ ಕಾಕಾ ತಾವೇ ಕೊಳ್ಳು ಹರಿದು ನೊಗ ಇಳಿಸಿ, ನಮ್ಮ ಎತ್ತುಗಳಿಗೆ ನೀರು ಕುಡಿಸಿ, ಮೇವು ಹಾಕುತ್ತಿದ್ದರು. ಬಂದವರ ಎತ್ತು ಮೇಯುವ ತನಕ ಅವರು ಉಣ್ಣಲು ಗಂಗಾಳದ ಮುಂದೆ ಕೂರುತ್ತಿರಲಿಲ್ಲ.

ಕೈ ತೊಳೆದು ಹೊರಗೆ ಬಂದರೆ ಬಾನೆಟ್ ಎತ್ತಿತ್ತು. ಕಾಕಾನ ಕೈಯಲ್ಲಿ ಟ್ರ್ಯಾಕ್ಟರ್ ಎಣ್ಣೆಯ ಖಾಲಿ ಡಬ್ಬಿ.

"ಹೊಟ್ಟಿ ತುಂಬ ಹಾಕೇನಿ ನೋಡವ್ವಾ, ಕೊರತಿ ಮಾಡಿಲ್ಲ."

ಕಡ್ಡಿ ಎಳೆದು ನೋಡಿದರೆ ಎಣ್ಣೆ ಮೇಲಿನ ಗೆರೆಯನ್ನೂ ದಾಟಿತ್ತು. ಉಪಕಾರ ಆಯಿತು ಎಂದು ಹಾಗೆಯೇ ಹೊರಟುಬಿಡಲೇ? ಇಷ್ಟು ದಿನದಲ್ಲಿ ಈ ಕಾರಿಗಾಗಲಿ ನನಗಾಗಲಿ ಏನು ಬೇಕೆಂದು ನೋಡಿದವರು ಕಾಕಾ ಒಬ್ಬರೇ. ಆದರೆ ಕಾರು ಹೋದರೆ ಇವರ ಮನೆಗೆ ಬರುವ ದಾರಿಯೂ ಹೋದಂತೆ.

"ಕಾಕಾ, ಇದು ಈ ಗಾಡಿಗೆ ಒಗ್ಗೂದಿಲ್ರಿ. ಚಾಲೂ ಮಾಡಿದ್ರ ಎಂಜಿನ್ ಕೆಡತೈತಿ," ಎಂದೆ.

ಅವರ ಮುಖ ಸಣ್ಣದಾಯಿತು. ಧೋತರಕ್ಕೆ ಕೈ ಒರೆಸುತ್ತ ನಿಂತರು. "ಅಂದ್ರ ಬಂದ ಎತ್ತಿಗೆ ಒಗ್ಗಲಾರದ ಮೇವು ಹಾಕಿದ್ಹಂಗಾತು. ತಡಿಯವ್ವಾ, ತಗದಬಿಡೂಣು."

ಜಾಕ್ ಹಚ್ಚಿ, ಗಾಲಿಗಳ ಕೆಳಗೆ ಕಲ್ಲು ಕೊಟ್ಟು, ಗೋಣಿಚೀಲ ಹಾಸಿ ಕಾಕಾ ಕಾರಿನಡಿ ತೂರಿದರು. ಕೆಳಗಿನ ನಟ್ಟು ಬಿಚ್ಚಿ ಹಳೆಯದು, ಹೊಸದು ಎಲ್ಲವನ್ನೂ ಕಬ್ಬಿಣದ ಬುಟ್ಟಿಗೆ ಇಳಿಸಿ, ನಟ್ಟು ಮತ್ತೆ ಬಿಗಿದು ಜಾಕ್ ತೆಗೆದರು. ಬೇಡವೆಂದು ಗೊಣಗಿದ್ದ ದೊಡ್ಡ ಕ್ಯಾನೇ ಕೈ ಹಿಡಿಯಿತು. ನಾನು ಸವಣೂರಿನ ಎಣ್ಣೆಯನ್ನು ತುಸು ತುಸುವೇ ಹಾಕಿ, ಕಡ್ಡಿ ಒರೆಸಿ ನೋಡಿ, ಮತ್ತೆ ಹಾಕಿದೆ. ಎಂಜಿನ್ ಮೆತ್ತಗೆ ಶುರುವಾಯಿತು. ಕಾಕಾ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತರು. ಆಮೇಲೆಯೇ ಒಳಗೆ ಹೋಗಿ ಉಂಡರು.

ಬರುವಾಗ ಕಾರು ಚೆನ್ನಾಗಿ ಓಡಿತು. ಅದನ್ನು ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಹಿರೇಕೆರೂರಿಗೆ ಬಂದು ಬೀಗ ತೆಗೆದು, ದೀಪ ಹಚ್ಚಿ, ಕಾಕಾನಿಗೆ ಫೋನ್ ಮಾಡಿದೆ.

"ಮುಟ್ಟೇನ್ರಿ ಕಾಕಾ. ಎಣ್ಣಿ ಗೆರಿಗೆ ಸರಿ ಐತಿ."

"ಗಾಡಿದ್ ಆತು. ನೀ ಉಂಡ್ಯಾ?"

ಇಲ್ಲ ಎಂದೆ. ಚಿಗವ್ವ ಕಟ್ಟಿಕೊಟ್ಟ ಬುತ್ತಿ ಹಿಂದಿನ ಸೀಟಿನಲ್ಲಿ, ಖಾಲಿ ಕ್ಯಾನಿನ ಪಕ್ಕದಲ್ಲೇ ಇತ್ತು. ಒಳಗೆ ತಂದು ಗಂಟು ಬಿಚ್ಚಿದೆ.

"ಫೋನ್ ಇಡಬ್ಯಾಡ್ರಿ ಕಾಕಾ," ಎಂದೆ. "ನಾ ಉಣ್ಣೂತನಕ ಏನರ ಮಾತಾಡ್ರಿ."