ಏನಾಯ್ತು ಎಂದು ಕೇಳುತ್ತಿದ್ದವರು

ಆಂಟಿಯ ಬೆರಳ ತುದಿಯಲ್ಲಿ ಗೆರೆಗಳಿರಲಿಲ್ಲ. ಹೇವರ್ಡಿನ ಒಂದು ಗೋದಾಮಿನಲ್ಲಿ ವರ್ಷಗಟ್ಟಲೆ ರಟ್ಟಿನ ಡಬ್ಬ ಬಿಚ್ಚಿ ಬಿಚ್ಚಿ ಸವೆದುಹೋಗಿದ್ದವು. ಹೆಬ್ಬೆರಳು ಒತ್ತಿದರೆ ಅವರ ಫೋನು ಅವರನ್ನೇ ಗುರುತು ಹಿಡಿಯುತ್ತಿರಲಿಲ್ಲ. ಎರಡು ಸಲ ಒತ್ತಿ, ಬೆರಳನ್ನು ಬಟ್ಟೆಗೆ ಒರೆಸಿ ಇನ್ನೊಂದು ಸಲ ಒತ್ತಿ, ಕೊನೆಗೆ "ಎರಡು, ಎರಡು, ಐದು, ಎಂಟು" ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತ ಅಂಕಿ ಒತ್ತುತ್ತಿದ್ದರು. ಸುತ್ತ ಯಾರಿದ್ದರೂ ಅವರಿಗೆ ಲೆಕ್ಕವಿಲ್ಲ. ಅವರನ್ನು ಬಲ್ಲ ಎಲ್ಲರಿಗೂ ಆ ನಾಲ್ಕು ಅಂಕಿ ಗೊತ್ತಿತ್ತು.

ಒತ್ತುತ್ತಿದ್ದದ್ದು ಬಲಗೈ ಹೆಬ್ಬೆರಳು ಎಂದು ನನ್ನ ನೆನಪು. ನನ್ನ ಹೆಂಡತಿ ಎಡಗೈ ಎನ್ನುತ್ತಾಳೆ. ಇಬ್ಬರಲ್ಲಿ ಒಬ್ಬರದು ತಪ್ಪು. ಯಾರದೆಂದು ಈಗ ತಿಳಿಯುವ ದಾರಿಯಿಲ್ಲ.

ಈ ಪರದೇಶದಲ್ಲಿ, ಫೋನಿನಲ್ಲಿ, ನಮ್ಮದೊಂದು ಕನ್ನಡದವರ ಗ್ರೂಪು. ಕೊಲ್ಲಿಯ ಎರಡೂ ದಡದ ಮುನ್ನೂರು ಚಿಲ್ಲರೆ ಜನ ಅದರಲ್ಲಿದ್ದಾರೆ. ಬಾಡಿಗೆ ಮನೆಯ ಅಡುಗೆಕಟ್ಟೆಯ ಬಿಳಿ ಕಲ್ಲಿನ ಮೇಲಿನ ಅರಿಶಿನದ ಕಲೆ ಹೇಗೆ ತೆಗೆಯುವುದು, ಅಪ್ಪ ಅಮ್ಮ ಬಂದಾಗ ಯಾವ ಇನ್ಶೂರೆನ್ಸು ಮಾಡಿಸುವುದು, ಮನೆಯಲ್ಲಿ ಚಳಿಗೆ ಹಿಟ್ಟು ಹುದುಗದಿದ್ದರೆ ಏನು ಮಾಡುವುದು, ಇಂಥದ್ದೇ ಮಾತು. ಒಬ್ಬರು ಕೇಳುತ್ತಾರೆ, ಹತ್ತು ಜನ ಹೇಳುತ್ತಾರೆ. ಕೇಳಿದವರು ಎಲ್ಲರಿಗೂ ಕೈಮುಗಿದು ಕಣ್ಮರೆಯಾಗುತ್ತಾರೆ. ಕಲೆ ಹೋಯಿತೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ.

ಆಂಟಿಗೆ ತಿಳಿಯಬೇಕಿತ್ತು. ಹೇವರ್ಡಿಗೆ ಬಂದ ಹೊಸತರಲ್ಲಿ ನಾನೂ ಒಂದು ಪ್ರಶ್ನೆ ಹಾಕಿದ್ದೆ. ಒಗ್ಗರಣೆ ಹಾಕಿದಾಗಲೆಲ್ಲ ಅಪಾರ್ಟ್‌ಮೆಂಟಿನ ಹೊಗೆ ಅಲಾರಂ ಅರಚಿಕೊಳ್ಳುತ್ತಿತ್ತು. ಅದಕ್ಕೆ ಸ್ನಾನದ ಟೋಪಿ ತೊಡಿಸಿ ಎಂದರು ಒಬ್ಬರು. ಬ್ಯಾಟರಿ ಕಿತ್ತು ಫ್ರಿಜ್ಜಿನಲ್ಲಿಡಿ ಎಂದರು ಇನ್ನೊಬ್ಬರು. "ಮುಚ್ಚಬೇಡಿ, ಕೀಳಬೇಡಿ. ಒಗ್ಗರಣೆ ಸೌಟನ್ನ ಹಿಂದಿನ ಒಲೆ ಮೇಲಿಡಿ. ಫ್ಯಾನು ಮೊದಲೇ ಹಾಕಿ. ಸಾಸಿವೆ ಸಿಡಿಯೋಕೆ ಮುಂಚೆ ಕಿಟಕಿ ತೆಗೀರಿ" ಎಂದು ಆಂಟಿ ಬರೆದರು. ನಾನು ಕೈಮುಗಿದು ಮರೆತೆ. ಹನ್ನೆರಡು ದಿನದ ಮೇಲೆ ಎಲ್ಲರೆದುರೇ ಒಂದು ಸಾಲು ಬಂತು: "ಹೊಗೆ ಅಲಾರಂ ಏನಾಯ್ತು?"

ಉತ್ತರಕ್ಕಾಗಿ ಒಬ್ಬರು ಕಾದಿರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಆ ದಿನ ಕಿಟಕಿ ತೆಗೆದು ಒಗ್ಗರಣೆ ಹಾಕಿ ನೋಡಿ, ಅರಚಲಿಲ್ಲವೆಂದು ಬರೆದೆ. ಎಲ್ಲರೂ ಅವರನ್ನು "ಏನಾಯ್ತು ಆಂಟಿ" ಎನ್ನುತ್ತಾರೆಂಬುದು ಆಮೇಲೆ ತಿಳಿಯಿತು. ಹಾಗೆ ಕರೆಯುವುದರಲ್ಲಿ ಸ್ವಲ್ಪ ತಮಾಷೆಯೂ ಸ್ವಲ್ಪ ತಪ್ಪಿಸಿಕೊಳ್ಳುವ ಉಪಾಯವೂ ಇತ್ತು.

ಗೋದಾಮಿನಲ್ಲಿ ಅವರ ಕೆಲಸ ವಾಪಸು ಬಂದ ಸಾಮಾನಿನ ವಿಭಾಗದಲ್ಲಿ. ಗಿರಾಕಿಗಳು ಹಿಂದಿರುಗಿಸಿದ ಡಬ್ಬ ಬಿಚ್ಚಿ, ಯಾಕೆ ಹಿಂದಿರುಗಿಸಿದರೆಂದು ಅವರು ಬರೆದದ್ದನ್ನೂ ಒಳಗಿರುವುದನ್ನೂ ಹೋಲಿಸಿ ನೋಡಬೇಕು. "ಎಲ್ಲಾರೂ 'ಮನಸ್ಸು ಬದಲಾಯ್ತು' ಅಂತ್ಲೇ ಬರೀತಾರೆ ಕಣಪ್ಪ" ಎಂದಿದ್ದರು ಒಮ್ಮೆ. "ತೆಗೆದು ನೋಡಿದ್ರೆ ಮಿಕ್ಸಿ ಜಾರು ಒಡೆದಿರುತ್ತೆ. ಒಡೆದು ಹಾಕ್ದೆ ಅಂತ ಬರೆಯೋಕೆ ಯಾರಿಗೂ ಕೈ ಬರಲ್ಲ."

ಅವರ ಫೋನಿನಲ್ಲಿ ಯಾರ ಹೆಸರೂ ಇರಲಿಲ್ಲ. ನಂಬರುಗಳನ್ನು ಪ್ರಶ್ನೆಗಳ ಹೆಸರಲ್ಲಿ ಇಟ್ಟುಕೊಂಡಿದ್ದರು. ಜೊತೆಗೆ ಏನಾಯಿತೆಂಬುದೂ ಇರುತ್ತಿತ್ತು. "ಅರಿಶಿನ ಕಲೆ, ಹೋಯ್ತು." "ಕಾರಿನ ಬ್ಯಾಟರಿ, ಹೇಳಿಲ್ಲ." ನಾನು "ಹೊಗೆ ಅಲಾರಂ, ಸರಿಹೋಯ್ತು" ಆಗಿದ್ದೆ. "ಹೆಸರು ಹಾಕಿದ್ರೆ ಯಾರು ಅಂತ ನೆನಪಾಗಲ್ಲ, ಪ್ರಶ್ನೆ ಹಾಕಿದ್ರೆ ಮುಖಾನೇ ಬರುತ್ತೆ" ಎನ್ನುತ್ತಿದ್ದರು. ಅವರ ಗಂಡನೇ ಆ ಫೋನಿನಲ್ಲಿ "ಗೊರಕೆ, ಇನ್ನೂ ಇದೆ."

ನನ್ನ ಮಗಳಿಗೆ ಎರಡೂವರೆ ವರ್ಷ ತುಂಬಿದಾಗ ಅವಳ ಬಾಯಲ್ಲಿ ಐದಾರು ಪದ ಮಾತ್ರ ಇದ್ದವು. ಡೇಕೇರಿನಲ್ಲಿ ಅವಳ ವಯಸ್ಸಿನವು ಮಾತಿನಲ್ಲೇ ಜಗಳವಾಡುತ್ತಿದ್ದವು. ಹೆಂಡತಿಯ ಒತ್ತಾಯಕ್ಕೆ ನಾನು ಗ್ರೂಪಿನಲ್ಲಿ ಕೇಳಿದೆ. ಅವತ್ತು ಬಂದಷ್ಟು ಉತ್ತರ ಹೊಗೆ ಅಲಾರಮ್ಮಿಗೂ ಬಂದಿರಲಿಲ್ಲ. ನಮ್ಮ ಅಣ್ಣನ ಮಗ ನಾಲ್ಕು ವರ್ಷದವರೆಗೆ ಮಾತಾಡಲಿಲ್ಲ, ಈಗ ನಿಲ್ಲಿಸುವುದೇ ಇಲ್ಲ ಎಂದರು ಒಬ್ಬರು. ಎರಡು ಭಾಷೆ ಕೇಳಿ ಮಗು ಗಲಿಬಿಲಿಯಾಗಿದೆ, ಕನ್ನಡ ನಿಲ್ಲಿಸಿ ಎಂದರು ಇನ್ನೊಬ್ಬರು. ಊರಿಂದ ಬಜೆ ತರಿಸಿ, ತೇದು ನಾಲಿಗೆಗೆ ಹಚ್ಚಿ ಎಂದವರು ನಾಲ್ಕು ಜನ. ಅದೆಲ್ಲ ಓದುತ್ತ ನನಗೆ ಹಾಯೆನಿಸಿತು. ಎಲ್ಲ ಕತೆಯ ಕೊನೆಯಲ್ಲೂ ಮಗು ಮಾತಾಡಿತ್ತು.

ಆಂಟಿ ಗ್ರೂಪಿನಲ್ಲಿ ಏನೂ ಬರೆಯಲಿಲ್ಲ. ನೇರ ಫೋನು ಮಾಡಿದರು.

"ಮಗು ಹಿಂದೆ ನಿಂತ್ಕೊಂಡು ಒಂದು ಚಮಚ ಬೀಳಿಸಿ ನೋಡು. ತಿರುಗಿದ್ರೂ ತಿರುಗದೇ ಇದ್ರೂ ಕಿವಿ ಡಾಕ್ಟರ ಹತ್ರ ಹೋಗು."

"ಎಲ್ಲಾರೂ ಕಾಯಿ ಅಂತಿದಾರಲ್ಲ ಆಂಟಿ."

"ಕಾದು ಸರಿಹೋದವರು ಬರೆದಿದಾರೆ. ಸರಿಹೋಗದವರು ಬಂದು ಬರೀತಾರೇನಪ್ಪ?"

ಹೋದೆವು. ಮಗಳಿಗೆ ಎರಡೂ ಕಿವಿ ಮಂದವಾಗಿದ್ದವು. ಹುಟ್ಟಿದಾಗ ಸರಿಯಿದ್ದದ್ದು ಆಮೇಲೆ ಕಡಿಮೆಯಾಗುತ್ತ ಬಂದಿದೆ, ಕಿವಿಗೆ ಮಷೀನು ಹಾಕಿದರೆ ಮಾತು ಬರುತ್ತದೆ, ಬೇಗ ಬಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಹೆಂಡತಿ ಪ್ರಶ್ನೆ ಕೇಳುತ್ತ ಬರೆದುಕೊಂಡಳು. ಕಾರು ನಿಲ್ಲಿಸಿದ್ದ ಜಾಗಕ್ಕೆ ಬಂದು ಮಗಳನ್ನು ಸೀಟಿಗೆ ಬಿಗಿಯುವಾಗ ಫೋನು ಸದ್ದು ಮಾಡಿತು. "ಏನಾಯ್ತು?"

"ಎಲ್ಲಾ ನಾರ್ಮಲ್ ಆಂಟಿ. ಥ್ಯಾಂಕ್ಸ್" ಎಂದು ಬರೆದೆ.

ಅವರು ಮೂರು ಸಲ ಕೇಳಿದರು, ಆಮೇಲೆ ಸುಳ್ಳು ಹೇಳಿದೆ ಎಂದು ನಾನು ಬಹಳ ದಿನ ನಂಬಿಕೊಂಡಿದ್ದೆ. ಇದನ್ನು ಬರೆಯುವ ಮೊದಲು ಹಳೆಯ ಸಂದೇಶ ತೆಗೆದು ನೋಡಿದೆ. ಕೇಳಿದ್ದು ಒಂದೇ ಸಲ. ನನ್ನ ಉತ್ತರ ಅದೇ ನಿಮಿಷದಲ್ಲಿ ಹೋಗಿದೆ.

ಐದು ತಿಂಗಳ ನಂತರ ಕೊಲ್ಲಿಯ ಆಚೆ ದಡದ ಫಾಸ್ಟರ್ ಸಿಟಿಯ ಒಬ್ಬ ತಾಯಿ ಗ್ರೂಪಿನಲ್ಲಿ ಅದೇ ಪ್ರಶ್ನೆ ಕೇಳಿದಳು. ಅವಳ ಮಗುವಿಗೂ ಎರಡೂವರೆ. ಈ ಸಲ ಆಂಟಿ ಅಲ್ಲೇ ಉತ್ತರ ಕೊಟ್ಟರು: "ಹೇವರ್ಡಲ್ಲಿ ಇದೇ ಥರ ಒಂದು ಮಗು ಇತ್ತು. ತೋರಿಸಿದ್ರು, ಕಿವಿ ಸರಿಯಾಗೇ ಇತ್ತು. ನೀವೂ ಒಂದ್ಸಲ ತೋರಿಸಿ, ಗಾಬರಿ ಬೇಡ."

ಅದರ ಕೆಳಗೆ ಆ ತಾಯಿ: "ಎಷ್ಟು ಸಮಾಧಾನ ಆಯ್ತು ಆಂಟಿ! ಸೋಮವಾರ ಅಪಾಯಿಂಟ್‌ಮೆಂಟ್ ಇತ್ತು, ಕ್ಯಾನ್ಸಲ್ ಮಾಡ್ತೀನಿ. ಊರಿಗೆ ಹೋಗಿ ಬಂದು ಆರು ತಿಂಗಳು ಬಿಟ್ಟು ನೋಡ್ತೀವಿ."

ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ, ಒಂದು ಮೀಟಿಂಗಿನ ನಡುವೆ ಅದನ್ನು ಓದಿದೆ. ಅವತ್ತು ಶುಕ್ರವಾರ. ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಬರೆದೆ, ಅಳಿಸಿದೆ. ಸಂಜೆ ಸೇತುವೆ ದಾಟುವಾಗ ಟ್ರಾಫಿಕ್ಕಿನಲ್ಲಿ ನಿಂತು ಮತ್ತೆ ಬರೆದೆ, ಮತ್ತೆ ಅಳಿಸಿದೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ.

"ನಾರ್ಮಲ್ ಅಂತ ಬರೆದ್ಯಾ?" ಎಂದಳು. "ಅವಳ ಕಿವೀಲಿ ಮಷೀನು ನೇತಾಡ್ತಿದೆ, ನಾರ್ಮಲ್ ಅಂತ ಬರೆದ್ಯಾ?"

ಶನಿವಾರ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಆಂಟಿಯ ಮನೆಗೆ ಹೋದೆ. ಬಾಗಿಲು ತೆರೆದ ಆಂಟಿ ಮೊದಲು ನೋಡಿದ್ದು ಮಗಳ ಕಿವಿಗಳನ್ನು. ನೇರಳೆ ಬಣ್ಣದ ಎರಡು ಪುಟ್ಟ ಮಷೀನು. ಆ ಬಣ್ಣ ಅವಳೇ ಆರಿಸಿದ್ದು. ಆಂಟಿ ಮಂಡಿಯೂರಿ ಕೂತು, "ಬಾಳೆಹಣ್ಣು ಬೇಕಾ ಮರಿ?" ಎಂದರು. ಮಗಳು "ಬೇಡ. ಕುಕೀ" ಎಂದಳು.

"ಕೇಳಿಸ್ತು" ಎಂದರು ಆಂಟಿ, ನನ್ನತ್ತ ನೋಡದೆ.

ನಾನು ತಯಾರು ಮಾಡಿಕೊಂಡು ಹೋದದ್ದನ್ನೆಲ್ಲ ಹೇಳಿದೆ. ಮೂರು ನಿಮಿಷವಾಗಿರಬಹುದು. ಅಡುಗೆಮನೆಯಲ್ಲಿ ಅಂಕಲ್ ಡಿಕಾಕ್ಷನ್ ಇಳಿಸುತ್ತಿದ್ದರು. ನನ್ನ ಮಾತು ಮುಗಿದ ಮೇಲೆ ಆಂಟಿ ಫೋನು ತೆಗೆದುಕೊಂಡು, ಒತ್ತಿ, ಒರೆಸಿ, ಒತ್ತಿ, ಎರಡು ಎರಡು ಐದು ಎಂಟು ಎಂದು ತೆರೆದರು. ಒಂದು ನಂಬರು ಹಚ್ಚಿ ನನ್ನ ಕೈಗೆ ಕೊಟ್ಟರು.

"ಏನ್ ಹೇಳ್ಲಿ ಆಂಟಿ?"

"ಜಾರು ಒಡೆದಿತ್ತು ಅಂತ ಹೇಳು."

ಫಾಸ್ಟರ್ ಸಿಟಿಯ ತಾಯಿ ಫೋನೆತ್ತಿದಳು. ನಾನು ಯಾರು, ಯಾವ ಮಗು, ಏನು ಸುಳ್ಳು ಎಂದು ಹೇಳಿದೆ. ಅವಳು, "ಇನ್ನೂ ಕ್ಯಾನ್ಸಲ್ ಮಾಡಿಲ್ಲ" ಎಂದು ಇಟ್ಟುಬಿಟ್ಟಳು. ಥ್ಯಾಂಕ್ಸ್ ಅನ್ನಲಿಲ್ಲ. ಅನ್ನಬೇಕಾದ ಕಾರಣವೂ ಇರಲಿಲ್ಲ.

ಅವಳ ಮಗುವಿನ ಕಿವಿ ಸರಿಯಾಗಿಯೇ ಇತ್ತು. ಸೋಮವಾರವೇ ಗೊತ್ತಾಯಿತು. ಅವಳು ಗ್ರೂಪಿನಲ್ಲಿ ಬರೆದಳು, ಎಲ್ಲರೂ ಹೂಗುಚ್ಛ ಹಾಕಿದರು. ನಾನು ಆಂಟಿಗೆ ಫೋನು ಮಾಡಿ, ನನ್ನ ಸುಳ್ಳಿನಿಂದ ಕೊನೆಗೆ ಏನೂ ಆಗಲಿಲ್ಲವಲ್ಲ ಎಂಬರ್ಥದಲ್ಲಿ ಏನೋ ಅಂದೆ.

"ಅದು ಬೇರೆ ಡಬ್ಬ ಕಣಪ್ಪ" ಎಂದರು.

ಇಷ್ಟು ಬರೆಯುವಾಗ ಅವರು ದೊಡ್ಡವರಾಗಿ, ತಣ್ಣಗೆ, ತೂಕದ ಮಾತಿನವರಾಗಿ ಕಾಣುತ್ತಿದ್ದಾರೆ. ಹಾಗಿರಲಿಲ್ಲ. ಬೇಸರ ಹಿಡಿಸುವಷ್ಟು ಕೇಳುತ್ತಿದ್ದರು. ಇಡ್ಲಿ ಗಟ್ಟಿಯಾದದ್ದಕ್ಕೂ ಮದುವೆ ಮುರಿದದ್ದಕ್ಕೂ ಒಂದೇ ದನಿಯಲ್ಲಿ "ಏನಾಯ್ತು?" ಇದರಿಂದ ಸಿಟ್ಟಾಗಿ ಗ್ರೂಪು ಬಿಟ್ಟವರಿದ್ದಾರೆ. ಅವರ ಕೆಲವು ಸಲಹೆ ಶುದ್ಧ ತಪ್ಪು. ಸೋಫಾದ ಮೇಲಿನ ಎಣ್ಣೆ ಕಲೆಗೆ ಅವರು ಹೇಳಿದ್ದನ್ನು ಹಚ್ಚಿ ನಮ್ಮ ಸೋಫಾ ಈಗ ಎರಡು ಬಣ್ಣದಲ್ಲಿದೆ. ಅದನ್ನು ಹೇಳಿದಾಗ ಮಾತ್ರ ಅವರು ಪೂರ್ತಿ ಖುಷಿಯಾದದ್ದು ಕಂಡೆ. "ನೋಡು, ಇದನ್ನ ಯಾರೂ ಹೇಳಿರ್ಲಿಲ್ಲ!"

ಹೋದ ವಸಂತದಲ್ಲಿ ಒಂದು ಭಾನುವಾರ ಬೆಳಿಗ್ಗೆ ಅಂಕಲ್ ಫೋನು ಮಾಡಿದರು. "ಸ್ವಲ್ಪ ಬಾರಪ್ಪ. ಇವಳು ಹೋಗ್ಬಿಟ್ಲು. ಗ್ರೂಪಿಗೆ ಹಾಕ್ಬೇಕು, ನಂಗೆ ಬರಲ್ಲ."

ಆಂಟಿ ಹೋಗಿದ್ದು ಹಿಂದಿನ ದಿನ. ಸ್ನಾನ ಮಾಡಿ ಬಂದು ಕುರ್ಚಿಯಲ್ಲಿ ಕೂತವರು ಏಳಲಿಲ್ಲವಂತೆ. ಹೃದಯದ ವಾಲ್ವು ಕೆಟ್ಟಿದ್ದು ಹಿಂದಿನ ವರ್ಷವೇ ತಿಳಿದಿತ್ತು. ಆಪರೇಷನ್ನಿಗೆ ದಿನ ಗೊತ್ತಾಗಿತ್ತು, ಇನ್ನು ಎಂಟು ದಿನವಿತ್ತು. "ನಿಮಗೆಲ್ಲ ಹೇಳಿರ್ಲಿಲ್ವಾ?" ಎಂದು ಅಂಕಲ್ ಆಶ್ಚರ್ಯಪಟ್ಟರು. "ಎಲ್ಲಾರ್ದೂ ಕೇಳ್ತಿದ್ಲಲ್ಲ."

ಅವರ ಫೋನು ನನ್ನ ಕೈಗೆ ಕೊಟ್ಟು ಅಂಕಲ್ ಕಾಫಿ ಮಾಡಲು ಹೋದರು. ತೆರೆಯುವ ಅಂಕಿ ಇಬ್ಬರಿಗೂ ಗೊತ್ತಿದ್ದದ್ದರಿಂದ ಅದರ ಮಾತೇ ಬರಲಿಲ್ಲ. ನನ್ನ ನಂಬರು ಯಾವ ಹೆಸರಲ್ಲಿದೆ ಎಂದು ಮೊದಲು ನೋಡಿದೆ. ಹಾಗೆ ನೋಡಿದ್ದು ಸರಿಯಲ್ಲ. "ಮಗು ಕಿವಿ, ಮಷೀನು, ಬಂದು ಹೇಳಿದ."

ಹೇಗೆ ಬರೆಯಬೇಕೆಂದು ತೋಚದೆ, ಗ್ರೂಪಿನಲ್ಲಿ ಅವರು ಹಿಂದೆ ಬರೆದದ್ದನ್ನು ಹುಡುಕುತ್ತ ಹೋದೆ. ಆಂಟಿ ತಮಗಾಗಿ ಒಂದು ಪ್ರಶ್ನೆಯನ್ನೂ ಕೇಳಿದವರಲ್ಲ ಎಂಬುದು ನನ್ನ ಖಚಿತ ನೆನಪು. ಬೇರೆಯವರ ಮುಂದೆ ಹಾಗೆ ಹೇಳಿಯೂ ಇದ್ದೆ.

ಕೇಳಿದ್ದರು. ಎರಡು ವರ್ಷದ ಹಿಂದೆ, ಕಿವಿಯ ಪ್ರಸಂಗ ಮುಗಿದ ಮೇಲೆ. "ಮೆಟ್ಟಿಲು ಹತ್ತಿದ್ರೆ ಉಸಿರು ಸಿಗಲ್ಲ. ತುಂಬಾ ಸುಸ್ತು. ಯಾರಿಗಾದ್ರೂ ಹೀಗಾಗಿತ್ತಾ? ಏನು ಮಾಡಿದ್ರಿ?"

ಹದಿನಾಲ್ಕು ಉತ್ತರ. ವಾಕಿಂಗು ಮಾಡಿ. ಬೀಟ್‌ರೂಟ್ ರಸ. ವಿಟಮಿನ್ನು ಕಡಿಮೆಯಿರಬೇಕು. ನಮ್ಮ ಅತ್ತೆಗೂ ಹೀಗೇ ಇತ್ತು, ಹವೆ ಬದಲಾದ ಮೇಲೆ ಸರಿಹೋಯಿತು. ಒಂಬತ್ತನೆಯದು ನನ್ನದು: "ಖರ್ಜೂರ ತಿನ್ನಿ ಆಂಟಿ, ಹಾಲಲ್ಲಿ ನೆನೆಸಿ. ನಮ್ಮಮ್ಮಂಗೂ ಇದೇ ಥರ ಆಗಿತ್ತು, ಒಂದೇ ತಿಂಗಳಲ್ಲಿ ಸರಿಹೋಯ್ತು."

ಕೊನೆಯಲ್ಲಿ ಆಂಟಿ: "ಎಲ್ಲಾರಿಗೂ ಥ್ಯಾಂಕ್ಸ್. ನೋಡ್ತೀನಿ." ಅದರ ಕೆಳಗೆ ಯಾರೋ ಇಡ್ಲಿ ತಟ್ಟೆಯನ್ನು ಪಾತ್ರೆ ತೊಳೆಯುವ ಮಷೀನಿಗೆ ಹಾಕಬಹುದೇ ಎಂದು ಕೇಳಿದ್ದಾರೆ. ಆಂಟಿ ಉತ್ತರ ಕೊಟ್ಟಿದ್ದಾರೆ. ಒಂಬತ್ತು ದಿನದ ಮೇಲೆ, ತಟ್ಟೆ ಏನಾಯ್ತು ಎಂದೂ ಕೇಳಿದ್ದಾರೆ.

ಹಿತ್ತಿಲಿಗೆ ಹೋಗಿ ಮೈಸೂರಿಗೆ ಫೋನು ಮಾಡಿದೆ. ಅಮ್ಮ ಮಲಗುವ ಹೊತ್ತು.

"ಅಮ್ಮ, ನಿಂಗೆ ಸುಸ್ತಾಗ್ತಿತ್ತಲ್ಲ ಒಂದ್ಸಲ, ಖರ್ಜೂರ ತಿಂದೆಯಲ್ಲ?"

"ನಾನೆಲ್ಲಿ ತಿಂದೆ? ಹಲ್ಲಿಗೆ ಅಂಟುತ್ತೆ ಅಂತ ಮುಟ್ಟೋದೇ ಇಲ್ವಲ್ಲೋ. ಯಾರು ಹೇಳಿದ್ರು?"

ಒಳಗೆ ಬಂದೆ. ಫೋನಿನ ಬೆಳಕು ಆರಿತ್ತು. ನನಗರಿವಿಲ್ಲದೆ ನಾನೂ ಗಟ್ಟಿಯಾಗಿ ಹೇಳುತ್ತ ಒತ್ತಿದೆ: ಎರಡು, ಎರಡು, ಐದು, ಎಂಟು. ಅಡುಗೆಮನೆಯಲ್ಲಿ ಲೋಟದಲ್ಲಿ ಆಡುತ್ತಿದ್ದ ಚಮಚದ ಸದ್ದು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರುವಾಯಿತು.

ಎರಡು ವರ್ಷದ ಹಿಂದಿನ ಆ ಪ್ರಶ್ನೆಗೇ ಉತ್ತರವಾಗಿ, ಅವರ ಫೋನಿನಿಂದಲೇ, ಅಂಕಲ್ಲಿಗೆ ಓದಿ ಹೇಳಿ ಹೀಗೆ ಹಾಕಿದೆ:

"ಏನಾಯ್ತು ಅಂದ್ರೆ, ಆಂಟಿಯ ಹಾರ್ಟ್ ವಾಲ್ವು ಕೆಟ್ಟಿತ್ತು. ನಿನ್ನೆ ಬೆಳಿಗ್ಗೆ ತೀರಿಕೊಂಡರು. ಬರೀತಿರೋದು ಹೊಗೆ ಅಲಾರಂನವನು. ಮೇಲೆ ಖರ್ಜೂರ ತಿನ್ನಿ ಅಂತ ಬರೆದವನೂ ನಾನೇ. ನಮ್ಮಮ್ಮ ಖರ್ಜೂರ ತಿಂದೇ ಇರಲಿಲ್ಲ. ಹದಿನಾಲ್ಕು ಜನ ಹೇಳಿದ್ವಿ. ಆಮೇಲೆ ಏನಾಯ್ತು ಅಂತ ಒಬ್ಬರೂ ಕೇಳಲಿಲ್ಲ."